ಗಣಕಯಂತ್ರದ ಉಗ್ರಾಣಕ್ಕೆ ಲೆಕ್ಕ ಬರೆದ ಆಡಾ ಲವ್‌ಲೇಸ್

ಪೀತಮ್‌ಪುರದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಗಣಕಯಂತ್ರದ ಮಾತು ಕೇಳಿಬರುವುದು ಈಗ ಅಪರೂಪವಲ್ಲ. ತಂದೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೋ, ಕಚೇರಿಯಲ್ಲಿ ಕಡತಗಳನ್ನು ನಡೆಸಿಯೋ ಸಂಸಾರ ಸಾಗಿಸುತ್ತಿದ್ದರೆ, ಮಕ್ಕಳು ಪ್ರೋಗ್ರಾಂ ಬರೆಯುವ ವಿದ್ಯೆಯನ್ನು ಅಭ್ಯಾಸಮಾಡುತ್ತಿರುವರು. ಆ ವಿದ್ಯೆಗಾಗಿ ನಿರ್ಮಿತವಾದ ಭಾಷೆಗಳಲ್ಲೊಂದಕ್ಕೆ ಆಡಾ ಎಂದು ಹೆಸರು. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನವನ್ನು ಆಕಾಶದಲ್ಲಿ ಸ್ಥಿರವಾಗಿ ನಿಲ್ಲಿಸುವ ಗಣಕವು ನಡೆಯುವುದು ಆ ಭಾಷೆಯಲ್ಲಿ ಬರೆದ ವಿಧಿಗಳಿಂದ. ಹೆಸರು ಒಬ್ಬ ಹೆಣ್ಣುಮಗಳದು. ಆಕೆ ತೀರಿಕೊಂಡುದು ೧೮೫೨ರಲ್ಲಿ. ಆಗ ವಿಮಾನವೂ ಇರಲಿಲ್ಲ, ನಡೆಯುವ ಗಣಕವೂ ಇರಲಿಲ್ಲ. ಹೀಗಿರುವಾಗ ಆ ಹೆಸರು ಅಲ್ಲಿಗೆ ಹೇಗೆ ಬಂದಿತು, ಅದು ಆಕೆಗೆ ಸಲ್ಲತಕ್ಕದ್ದೇ ಎಂಬುದನ್ನು ನಮ್ಮ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಆಕೆಯ ಪೂರ್ಣ ನಾಮಧೇಯ ಆಗಸ್ಟಾ ಆಡಾ ಬೈರನ್. ೧೮೧೫ನೆಯ ಇಸವಿ ಡಿಸೆಂಬರ್ ೧೦ರಂದು ಲಂಡನ್ನಿನಲ್ಲಿ ಜನಿಸಿದಳು. ತಂದೆ ಲಾರ್ಡ್ ಬೈರನ್, ಆಂಗ್ಲ ಕವಿಗಳಲ್ಲಿ ಪ್ರಖ್ಯಾತನು; ನಡತೆಯ ವಿಷಯದಲ್ಲಿ ಅಷ್ಟೇ ಅಪಖ್ಯಾತನು. ತಾಯಿ ಆನ್ ಇಸಬೆಲ್ಲಾ ಗಣಿತದಲ್ಲಿ ಆಸಕ್ತಿಯುಳ್ಳವಳು, ಬಲು ಕಟ್ಟುನಿಟ್ಟಿನವಳು. ಮಗು ಹುಟ್ಟಿ ಐದು ವಾರ ಕಳೆಯುವಷ್ಟರಲ್ಲಿ ತಾಯಿ ಅದನ್ನೆತ್ತಿಕೊಂಡು ತೌರುಮನೆಗೆ ಹೊರಟುಹೋದಳು. ೧೮೧೬ರ ಏಪ್ರಿಲ್‌ನಲ್ಲಿ ಬೈರನ್ ಇಂಗ್ಲೆಂಡನ್ನು ತೊರೆದನು, ಮರಳಿ ಬರಲಿಲ್ಲ. ೧೮೨೪ರಲ್ಲಿ ಗ್ರೀಸ್ ದೇಶದಲ್ಲಿ ಮೂವತ್ತಾರನೆಯ ವಯಸ್ಸಿಗೆ ಅವನು ಮಡಿದಾಗ ಮಗಳಿಗೆ ಎಂಟು ವರ್ಷ. ತಂದೆಯ ಮುಖದ ನೆನಪೂ ಆಕೆಗಿರಲಿಲ್ಲ.

ತಂದೆಯ ಉನ್ಮಾದವು ಮಗಳ ರಕ್ತದಲ್ಲಿಯೂ ಇಳಿದಿದ್ದೀತೆಂದು ತಾಯಿಗೆ ಸದಾ ಭಯ. ಅದಕ್ಕೆ ಮದ್ದೆಂದು ಗಣಿತವನ್ನು ಕಲಿಸಲು ಏರ್ಪಾಡುಮಾಡಿದಳು. ೧೮೨೯ರಲ್ಲಿ ದಡಾರ ಬಂದು ಹುಡುಗಿಯ ಕಾಲುಗಳ ಶಕ್ತಿ ಉಡುಗಿತು. ಬಹುಕಾಲ ಹಾಸಿಗೆಯಲ್ಲಿಯೂ ಆಮೇಲೆ ಊರೆಗೋಲಿನ ಮೇಲೆಯೂ ಕಳೆಯಬೇಕಾಯಿತು. ಪಾಠ ಮಾತ್ರ ನಿಲ್ಲಲಿಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳು ಹೆಂಗಸರಿಗೆ ಬಾಗಿಲು ತೆರೆದಿರಲಿಲ್ಲವಾದುದರಿಂದ ಮನೆಗೆ ಬಂದ ಗುರುಗಳಿಂದಲೂ, ಪತ್ರಗಳ ಮೂಲಕವೂ ಕಲಿಯಬೇಕಾಗಿತ್ತು. ಮುಂದೆ ಆಕೆಗೆ ಉನ್ನತ ಗಣಿತವನ್ನು ಕಲಿಸಿದ ಆಗಸ್ಟಸ್ ಡಿ ಮಾರ್ಗನ್ ಎಂಬ ವಿದ್ವಾಂಸನು ನಮ್ಮ ನೆಲದಲ್ಲಿಯೇ, ೧೮೦೬ರಲ್ಲಿ ಮಧುರೆಯಲ್ಲಿ ಹುಟ್ಟಿದವನೆಂಬುದು ಇಲ್ಲಿ ಸ್ಮರಣೀಯ.

೧೮೩೩ರ ಜೂನ್ ತಿಂಗಳಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಆಡಾ ಚಾರ್ಲ್ಸ್ ಬ್ಯಾಬೇಜನನ್ನು ಕಂಡಳು. ಲೆಕ್ಕದ ಕೋಷ್ಟಕಗಳನ್ನು ತಾನಾಗಿ ತಯಾರಿಸುವ ಹಲ್ಲಿನ ಚಕ್ರಗಳ ಯಂತ್ರವೊಂದನ್ನು ಕಟ್ಟಲು ಹೊರಟಿದ್ದ ಅವನು, ಅದರ ಒಂದು ಭಾಗವನ್ನು ಮನೆಯಲ್ಲಿಟ್ಟುಕೊಂಡು ಅತಿಥಿಗಳಿಗೆ ತೋರಿಸುತ್ತಿದ್ದನು. ಬಂದವರು ಬೆರಗಾಗಿ ನೋಡಿ ಹೋಗುವರು. ಈ ಹುಡುಗಿ ಅದರ ಚಲನೆಯನ್ನು ಅರ್ಥಮಾಡಿಕೊಂಡಳೆಂದು ಜೊತೆಯಲ್ಲಿದ್ದವರು ಬರೆದಿಟ್ಟಿರುವರು. ೧೮೩೫ರಲ್ಲಿ ವಿಲಿಯಂ ಕಿಂಗ್ ಎಂಬ ಶ್ರೀಮಂತನೊಡನೆ ವಿವಾಹವಾಯಿತು. ೧೮೩೮ರಲ್ಲಿ ಆತನಿಗೆ ಲವ್‌ಲೇಸ್‌ನ ಅರ್ಲ್ ಎಂಬ ಪದವಿ ಬಂದುದರಿಂದ ಆಕೆ ಕೌಂಟೆಸ್ ಆದಳು. ಮೂವರು ಮಕ್ಕಳಾದರು. ಮಕ್ಕಳ ಲಾಲನೆಯ ನಡುವೆ ಡಿ ಮಾರ್ಗನ್ನನ ಪಾಠ ಸಾಗಿತು.

ಅಷ್ಟರಲ್ಲಿ ಬ್ಯಾಬೇಜನು ಮೊದಲನೆಯ ಯಂತ್ರವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದರ ಕನಸು ಕಾಣತೊಡಗಿದ್ದನು. ಸರ್ಕಾರವು ಸುಮಾರು ೧೭,೦೦೦ ಪೌಂಡು ವೆಚ್ಚಮಾಡಿ ಬೇಸತ್ತಿತ್ತು. ಹೊಸ ಯಂತ್ರದಲ್ಲಿ ಎರಡು ಮುಖ್ಯ ಭಾಗಗಳು. ಸಂಖ್ಯೆಗಳನ್ನು ಕೂಡಿಡುವ ಸ್ತಂಭಗಳ ಸಾಲಿಗೆ ಅವನು ಉಗ್ರಾಣವೆಂಬರ್ಥದ ಹೆಸರನ್ನೂ, ಕೂಡುವ ಕಳೆಯುವ ಕೆಲಸ ನಡೆಯುವ ಸ್ಥಳಕ್ಕೆ ಗಿರಣಿಯೆಂಬರ್ಥದ ಹೆಸರನ್ನೂ ಇಟ್ಟನು. ಹೋಟೆಲಿನ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಗ್ರಾಣದಿಂದ ಅಕ್ಕಿ ಉದ್ದು ಹೊರಡುತ್ತವೆ, ಅರೆಯುವ ಕಲ್ಲಿಗೆ ಹೋಗುತ್ತವೆ, ಹಿಟ್ಟು ಪಾತ್ರೆಗೆ ಬೀಳುತ್ತದೆ. ಏನು ಮಾಡಬೇಕೆಂಬ ಆಜ್ಞೆಯನ್ನು ರೇಷ್ಮೆಯ ಮಗ್ಗಗಳಲ್ಲಿರುವಂತೆ ತೂತು ಕೊರೆದ ರಟ್ಟಿನ ಚೀಟಿಗಳು ಕೊಡುವುವು. ಈ ಯಂತ್ರವನ್ನು ಯಾರೂ ಕಟ್ಟಲಿಲ್ಲ. ಕಾಗದದ ಮೇಲೆಯೇ ಉಳಿಯಿತು.

೧೮೪೦ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಬ್ಯಾಬೇಜನು ಇದನ್ನು ಕುರಿತು ಉಪನ್ಯಾಸ ಮಾಡಿದಾಗ ಕೇಳಿದವರಲ್ಲಿ ಮೆನಬ್ರಿಯಾ ಎಂಬ ಯುವಕ ಎಂಜಿನಿಯರ್ ಒಬ್ಬನಿದ್ದನು. ಈತನು ಮುಂದೆ ಇಟಲಿಯ ಪ್ರಧಾನಮಂತ್ರಿಯಾದನು. ೧೮೪೨ರಲ್ಲಿ ಅವನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಲೇಖನವನ್ನು ಆಡಾ ಇಂಗ್ಲಿಷಿಗೆ ತಂದಳು. ಭಾಷಾಂತರಕ್ಕೆ ಏಳು ಟಿಪ್ಪಣಿಗಳನ್ನೂ ಸೇರಿಸಿದಳು. ಟಿಪ್ಪಣಿಗಳು ಮೂಲದ ಸುಮಾರು ಮೂರರಷ್ಟಾದುವು! ೧೮೪೩ರಲ್ಲಿ ಅವು ಅಚ್ಚಾದಾಗ ಪೂರ್ಣ ಹೆಸರಿರಲಿಲ್ಲ. ಮೂರು ಅಕ್ಷರಗಳ ಸಹಿ ಮಾತ್ರ. ಕುಲೀನ ಸ್ತ್ರೀಯು ಗಣಿತಗ್ರಂಥಕ್ಕೆ ಹೆಸರು ಹಾಕುವುದು ಆ ಸಮಾಜಕ್ಕೆ ಹಿಡಿಸುವ ಮಾತಾಗಿರಲಿಲ್ಲ.

ಆ ಟಿಪ್ಪಣಿಗಳಲ್ಲಿ ಜನರು ಬಹಳವಾಗಿ ಹೊಗಳುವುದು ಯಂತ್ರವು ಸಂಗೀತವನ್ನು ಕೂಡ ರಚಿಸಬಹುದೆಂಬ ಊಹೆಯನ್ನು. ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಬೇರೊಂದು, ಗುಮಾಸ್ತನ ಕಣ್ಣಿಗೆ ಕೂಡಲೇ ಬೀಳತಕ್ಕ ಸಂಗತಿ. ಕ್ರಿಯೆಯನ್ನು ಹೇಳುವ ಚೀಟಿಗಳು ಬೇರೆ, ಯಾವ ಸ್ತಂಭದ ಮೇಲೆ ಆ ಕ್ರಿಯೆ ನಡೆಯಬೇಕೆಂದು ಹೇಳುವ ಚೀಟಿಗಳು ಬೇರೆ ಎಂಬುದನ್ನು ಆಕೆ ಒತ್ತಿಹೇಳಿದಳು. ಕ್ರಿಯೆಯ ಚೀಟಿಗಳನ್ನು ಹಾಗೆಯೇ ಇಟ್ಟು ಎರಡನೆಯ ಬಗೆಯವನ್ನು ಬದಲಾಯಿಸಿದರೆ ಅದೇ ವಿಧಿ ಬೇರೆ ಸಂಖ್ಯೆಗಳಿಗೆ ಸಲ್ಲುವುದು. ಇದಲ್ಲದೆ ಸ್ತಂಭವು ಸಂಖ್ಯೆಯನ್ನು ಕೊಡುವಾಗ ಎರಡು ದಾರಿಗಳುಂಟು: ಕೊಟ್ಟಮೇಲೆ ಅದು ಸೊನ್ನೆಯಾಗಬಹುದು, ಇಲ್ಲವೆ ತನ್ನ ಬೆಲೆಯನ್ನು ಉಳಿಸಿಕೊಳ್ಳಬಹುದು. ಯಾವುದೆಂಬುದನ್ನು ಚೀಟಿಯೇ ಹೇಳಬೇಕು. ಮುಂದಿನ ಲೆಕ್ಕಕ್ಕೆ ಬೇಕಾದ ಸಂಖ್ಯೆಯನ್ನು ಅಳಿಸಿಬಿಟ್ಟರೆ ಎಲ್ಲವೂ ಕೆಡುವುದು.

ಏಳನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳೆಂಬ ಕಠಿನ ಗಣಿತವನ್ನು ಯಂತ್ರವು ಮಾಡುವ ಬಗೆಯನ್ನು ಇಪ್ಪತ್ತೈದು ಕ್ರಿಯೆಗಳ ಪಟ್ಟಿಯಾಗಿ ಬರೆಯಲಾಗಿದೆ. ಆ ಪಟ್ಟಿಯ ಕಲಮುಗಳನ್ನು ನೋಡಿದರೆ ಲೆಕ್ಕದ ಪುಸ್ತಕ ಬರೆದು ಪಳಗಿದವರಿಗೆ ಸಂತೋಷವಾದೀತು. ಕ್ರಿಯೆಯ ಸ್ವರೂಪ, ಯಾವ ಸ್ತಂಭಗಳು ಕೊಡುತ್ತವೆ, ಯಾವುವು ಪಡೆಯುತ್ತವೆ, ಯಾವುದರ ಬೆಲೆ ಬದಲಾಯಿತು, ಯಾವುದರದು ಹಾಗೆಯೇ ಉಳಿಯಿತು, ಕಡೆಗೆ ಫಲ. ಪ್ರತಿಯೊಂದು ಸ್ತಂಭದ ಹೆಸರಿನ ನೆತ್ತಿಯ ಮೇಲೆ, ಅದರ ಬೆಲೆ ಎಷ್ಟನೆಯ ಸಲ ಬದಲಾಯಿತೆಂಬ ಅಂಕೆಯೂ ಉಂಟು. ಮೊದಲನೆಯ ಕ್ರಿಯೆಯಲ್ಲಿ ಎರಡು ಸ್ತಂಭಗಳನ್ನು ಗುಣಿಸಿ ಬಂದ ಫಲವನ್ನು ಏಕಕಾಲದಲ್ಲಿ ಮೂರು ಸ್ತಂಭಗಳಿಗೆ ಹಂಚಲಾಗಿದೆ. ಮೂರನ್ನೂ ಬೇರೆ ಬೇರೆ ತಿದ್ದಬೇಕಾಗಿರುವುದರಿಂದ ಮೂರು ನಕಲು. ಕೊಡುವವ, ಪಡೆಯುವವ, ತಿದ್ದಿಸಿಕೊಳ್ಳುವವ ಎಂಬ ಭೇದವನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಅಚ್ಚಾದ ಬರಹ ಅದಕ್ಕೆ ಹಿಂದಿನದು ನಮಗೆ ಕಂಡಿಲ್ಲ.

ಇಂಥ ಪಟ್ಟಿಯಲ್ಲಿಯೂ ಒಂದು ದೋಷ ಉಳಿದುಬಿಟ್ಟಿತು. ನಾಲ್ಕನೆಯ ಕ್ರಿಯೆ ಭಾಗಾಕಾರ. ನಾಲ್ಕನೆಯ ಸ್ತಂಭವನ್ನು ಐದನೆಯದರಿಂದ ಭಾಗಿಸಬೇಕಾಗಿದ್ದಿತು. ಅಚ್ಚಾದುದರಲ್ಲಿ ಐದನೆಯದನ್ನು ನಾಲ್ಕನೆಯದರಿಂದ ಭಾಗಿಸುವಂತಿದೆ. ಆಕೆ ಆರಿಸಿಕೊಂಡ ಉದಾಹರಣೆಯಲ್ಲಿ ಮೊದಲನೆಯದು ಏಳು, ಎರಡನೆಯದು ಒಂಬತ್ತು. ಒಂಬತ್ತರಲ್ಲಿ ಏಳು ಬರಬೇಕಾದಲ್ಲಿ ಏಳರಲ್ಲಿ ಒಂಬತ್ತು ಬರುವುದು. ಪಕ್ಕದ ಫಲದ ಕಲಮಿನಲ್ಲಿ ಮಾತ್ರ ಸರಿಯಾದುದೇ ಇದೆ. ಎರಡೂ ಕೊಡುವ ಸ್ತಂಭಗಳೇ ಆದುದರಿಂದ ಅವುಗಳ ಸ್ಥಾನ ಅದಲುಬದಲಾದರೆ ಪಟ್ಟಿಯ ಬೇರಾವ ಕಲಮೂ ಅದನ್ನು ಹಿಡಿದುಕೊಡಲಾರದು. ಕನ್ನಡದಲ್ಲಿ ಈ ತೊಂದರೆ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವೆವು. ರಾಮನು ಭೀಮನಿಗೆ ಹಣವನ್ನು ಕೊಟ್ಟನು ಎಂಬ ವಾಕ್ಯದ ಪದಗಳನ್ನು ಹೇಗೆ ತಿರುವಿಹಾಕಿದರೂ ಕೊಟ್ಟವನಾರು ಪಡೆದವನಾರು ಎಂಬುದು ಕೆಡುವುದಿಲ್ಲ, ವಿಭಕ್ತಿಪ್ರತ್ಯಯ ಕಾಯುತ್ತದೆ. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಪ್ರತ್ಯಯಗಳನ್ನು ವಿವೇಚಿಸಿದನು.

ಈ ಟಿಪ್ಪಣಿಗಳು ಆಡಾಳವೋ ಬ್ಯಾಬೇಜನವೋ ಎಂಬ ವಾದ ಇಂದಿಗೂ ವಿದ್ವಾಂಸರಲ್ಲಿ ನಡೆದಿದೆ. ಯಂತ್ರವು ಬ್ಯಾಬೇಜನದು, ಅದಕ್ಕಾಗಿ ಅವನು ಮೊದಲೇ ಕೆಲವು ವಿಧಿಗಳನ್ನು ಬರೆದಿದ್ದನು ಎಂಬುದು ನಿಜ. ಆದರೆ ಇಬ್ಬರ ನಡುವೆ ನಡೆದ ಪತ್ರಗಳನ್ನು ನೋಡಿದರೆ ಆಕೆ ತಿದ್ದಿದಳು, ಪ್ರಶ್ನಿಸಿದಳು, ಅವನು ಮಾಡಿದ ಬದಲಾವಣೆಗಳಿಗೆ ಕೋಪಿಸಿಕೊಂಡಳು ಎಂಬುದು ಸ್ಪಷ್ಟವಾಗುವುದು. ಬರಿಯ ನಕಲುಗಾರ್ತಿ ಹೀಗೆ ಜಗಳವಾಡುವಳೆಂದು ನಾವು ನಂಬಲಾರೆವು.

ಪ್ರಕಟಣೆಯ ಸಮಯದಲ್ಲಿಯೇ ಮನಸ್ತಾಪ ಬಂದಿತು. ಸರ್ಕಾರವನ್ನು ದೂಷಿಸುವ, ಸಹಿಯಿಲ್ಲದ ಮುನ್ನುಡಿಯೊಂದನ್ನು ಲೇಖನದೊಡನೆ ಸೇರಿಸಬೇಕೆಂದು ಬ್ಯಾಬೇಜನು ಹಟಹಿಡಿದನು, ಆಕೆ ಒಪ್ಪಲಿಲ್ಲ. ಯಂತ್ರಕ್ಕೆ ಹಣ ಕೂಡಿಸುವ ಮತ್ತು ಜನರೊಡನೆ ವ್ಯವಹರಿಸುವ ಭಾರವನ್ನು ತನಗೆ ಬಿಟ್ಟುಕೊಡಬೇಕೆಂದು ೧೮೪೩ರ ಆಗಸ್ಟ್‌ನಲ್ಲಿ ದೀರ್ಘ ಪತ್ರ ಬರೆದಳು, ಅವನು ಒಪ್ಪಲಿಲ್ಲ. ಸ್ನೇಹ ಉಳಿಯಿತು, ಕೆಲಸ ಉಳಿಯಲಿಲ್ಲ. ಅನಂತರದ ವರ್ಷಗಳು ದುಃಖದವು. ಕುದುರೆಯ ಜೂಜಿನಲ್ಲಿ ಸಾಲ ಬೆಳೆಯಿತು, ಮನೆತನದ ವಜ್ರಗಳನ್ನು ಗುಟ್ಟಾಗಿ ಒತ್ತೆಯಿಟ್ಟಳು, ತಾಯಿ ಬಿಡಿಸಿಕೊಟ್ಟಳು, ಮತ್ತೆ ಒತ್ತೆಯಿಟ್ಟಳು. ಗರ್ಭಕೋಶದ ಕ್ಯಾನ್ಸರ್ ವ್ಯಾಧಿಯಿಂದ ಬಹಳ ನರಳಿ ೧೮೫೨ರ ನವೆಂಬರ್ ೨೭ರಂದು ಮೃತಳಾದಳು. ತಂದೆಗಾದಂತೆಯೇ ಮೂವತ್ತಾರು ವರ್ಷ. ಆಕೆಯ ಇಚ್ಛೆಯಂತೆ ನಾಟಿಂಗ್‌ಹ್ಯಾಮ್ ಸೀಮೆಯ ಹಕ್ನಲ್ ಇಗರ್ಜಿಯಲ್ಲಿ, ತಾನೆಂದೂ ಕಾಣದ ತಂದೆಯ ಪಕ್ಕದಲ್ಲಿ ಸಮಾಧಿಮಾಡಿದರು.

ನೂರಕ್ಕೂ ಮೀರಿದ ವರ್ಷಗಳು ಉರುಳಿದುವು. ಗಣಕಗಳು ನಿಜವಾಗಿಯೂ ಬಂದುವು. ೧೯೭೦ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ನೂರಾರು ಭಾಷೆಗಳು ಬಳಕೆಯಲ್ಲಿದ್ದು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಲಾರದ ಸ್ಥಿತಿ ಒದಗಿತ್ತು. ಒಂದೇ ಭಾಷೆಗಾಗಿ ಸ್ಪರ್ಧೆ ನಡೆಸಿ, ನಾಲ್ಕು ತಂಡಗಳಲ್ಲಿ ಫ್ರಾನ್ಸಿನಲ್ಲಿ ಜಾನ್ ಇಶ್‌ಬಿಯಾ ಎಂಬವನು ನಡೆಸುತ್ತಿದ್ದ ತಂಡದ ಭಾಷೆಯನ್ನು ೧೯೭೯ರಲ್ಲಿ ಆರಿಸಿದರು. ಅದಕ್ಕೆ ಆಡಾ ಎಂದು ಹೆಸರಿಟ್ಟರು. ಆಕೆಯ ವಂಶದವರ ಅನುಮತಿಯನ್ನೂ ಪಡೆದರು. ೧೯೮೦ರ ಡಿಸೆಂಬರ್ ೧೦ರಂದು, ಆಕೆಯ ಹುಟ್ಟುಹಬ್ಬದ ದಿನ, ಭಾಷೆಯ ನಿಯಮಗ್ರಂಥಕ್ಕೆ ಒಪ್ಪಿಗೆ ದೊರೆಯಿತು. ಅದಕ್ಕೆ ಕೊಟ್ಟ ಕ್ರಮಸಂಖ್ಯೆ ೧೮೧೫.

ಹೆಸರು ಗೌರವಾರ್ಥವಾಗಿ ಇಟ್ಟದ್ದೇ ಹೊರತು ಟಿಪ್ಪಣಿಗಳನ್ನು ನೋಡಿ ಭಾಷೆಯನ್ನು ಕಟ್ಟಿದರೆಂದಲ್ಲ. ಹಾಗಿದ್ದರೂ ಆ ಭಾಷೆಯ ಒಂದು ನಿಯಮವನ್ನು ಓದುವಾಗ ೧೮೪೩ರ ಪಟ್ಟಿಯ ಕಲಮುಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ಪದೇ ಪದೇ ಬೇಕಾಗುವ ಲೆಕ್ಕವನ್ನು ಒಮ್ಮೆ ಬರೆದು, ಹೆಸರಿಟ್ಟು, ಬೇಕಾದಾಗ ಕರೆಯುವುದು ರೂಢಿ. ಇದಕ್ಕೆ ಸಬ್‌ಪ್ರೋಗ್ರಾಂ ಎನ್ನುವರು, ನಾವು ಉಪವಿಧಿ ಎನ್ನೋಣ. ಕರೆಯುವಾಗ ಅದರ ಕೈಗೆ ಕೊಡುವ ಸಾಮಗ್ರಿಯೇ ಪ್ಯಾರಾಮೀಟರ್. ಕೊಡುವುದಕ್ಕೆ ಎರಡು ಮಾರ್ಗ. ನಕಲು ತೆಗೆದು ಕೊಡಬಹುದು. ಅಸಲು ಇರುವ ಸ್ಥಳದ ವಿಳಾಸವನ್ನೇ ಕೊಡಬಹುದು. ಕಚೇರಿಯಲ್ಲಿರುವವರು ಬಲ್ಲರು: ನಕಲಿಗೆ ಕಾಗದವೂ ಹೊತ್ತೂ ಬೇಕು, ಅಸಲು ಕ್ಷೇಮವಾಗಿರುವುದು, ಅಸಲನ್ನೇ ಕಳುಹಿಸಿದರೆ ಕೆಲಸ ಬೇಗ, ಅಪಾಯ ಹೆಚ್ಚು.

ಹಿಂದಿನ ಫೋರ್‌ಟ್ರಾನ್ ಎಂಬ ಭಾಷೆಯಲ್ಲಿ ಸಾಮಾನ್ಯವಾಗಿ ವಿಳಾಸವನ್ನೇ ಕೊಡುತ್ತಿದ್ದರು. ಅದರಿಂದ ವಿಚಿತ್ರವಾದ ಅನಾಹುತಗಳು ಸಂಭವಿಸಿದುವು. ನಾಲ್ಕು ಎಂಬ ಅಂಕೆಯನ್ನೇ ಉಪವಿಧಿಗೆ ಕೊಟ್ಟು, ಅದು ಅಲ್ಲಿ ಐದನ್ನು ಬರೆದುಬಿಟ್ಟರೆ, ಆಮೇಲೆ ಪ್ರೋಗ್ರಾಮಿನಲ್ಲಿ ನಾಲ್ಕೆಂದು ಬರೆದಲ್ಲೆಲ್ಲ ಯಂತ್ರವು ಐದೆಂದು ಓದುವುದು! ೧೯೬೦ರ ಆಲ್ಗಾಲ್ ಭಾಷೆಯಲ್ಲಿ ಬೆಲೆಯನ್ನು ಕೊಡಬೇಕೇ ಹೆಸರನ್ನು ಕೊಡಬೇಕೇ ಎಂಬುದನ್ನು ಬರೆಯುವವನೇ ನಿಶ್ಚಯಿಸಬೇಕಾಗಿತ್ತು. ಇಶ್‌ಬಿಯಾನ ತಂಡವು ಪ್ರಶ್ನೆಯನ್ನೇ ಬದಲಾಯಿಸಿತು. ಬರೆಯುವವನು ತನ್ನ ಉದ್ದೇಶವನ್ನು ಮಾತ್ರ ಹೇಳತಕ್ಕದ್ದು: ಇದು ಒಳಕ್ಕೆ ಹೋಗುವುದು, ಓದಬಹುದು, ತಿದ್ದಕೂಡದು; ಇದು ಹೊರಕ್ಕೆ ಬರುವುದು; ಇದು ಒಳಹೋಗಿ ಬದಲಾಗಿ ಹೊರಬರುವುದು. ಕೊಡುವ ಸ್ತಂಭ, ಪಡೆಯುವ ಸ್ತಂಭ, ಬದಲಾಗುವ ಸ್ತಂಭ! ಒಳಕ್ಕೆ ಹೋಗುವುದೆಂದು ಹೇಳಿದುದನ್ನು ಉಪವಿಧಿಯೊಳಗೆ ತಿದ್ದಹೊರಟರೆ ಕಂಪೈಲರ್ ತಡೆಯುವುದು. ಕಂಪೈಲರ್ ಎಂದರೆ ಮನುಷ್ಯ ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ದ್ವಿಭಾಷಿ. ಸ್ಥಾನ ಅದಲುಬದಲಾಗುವ ದೋಷಕ್ಕೂ ಔಷಧವಿದೆ: ಪ್ರತಿಯೊಂದು ಪ್ಯಾರಾಮೀಟರಿಗೂ ಅದರ ಹೆಸರನ್ನು ಬರೆದೇ ಕೊಡಬಹುದು, ಭಾಜ್ಯ ಇದು, ಭಾಜಕ ಇದು ಎಂದು ಬರೆದಮೇಲೆ ಯಾವುದು ಮೊದಲು ಬಂದರೂ ಒಂದೇ. ನಮ್ಮ ವಿಭಕ್ತಿಯ ಕೆಲಸವನ್ನೇ ಇದು ಮಾಡುವುದು.

ನಕಲೋ ವಿಳಾಸವೋ ಎಂಬ ತೀರ್ಮಾನ ಕಂಪೈಲರಿನ ಪಾಲಿಗೆ ಬಂದಿತು. ಅದಕ್ಕೂ ಪೂರ್ಣ ಸ್ವಾತಂತ್ರ್ಯವಿಲ್ಲ. ಒಂದೇ ಸಂಖ್ಯೆ, ಒಂದೇ ಅಕ್ಷರ ಇಂಥವುಗಳಿಗೆ ನಕಲೇ ಆಗಬೇಕು. ಬದಲಾಗತಕ್ಕದ್ದಾದರೆ ಕೆಲಸ ಮುಗಿದ ಮೇಲೆ ನಕಲಿನಲ್ಲಿರುವುದನ್ನು ಅಸಲಿಗೆ ಮರಳಿ ಬರೆಯಬೇಕು. ತನ್ನ ಜಾತಿಯ ಗುರುತನ್ನು ತನ್ನೊಳಗೇ ಹೊತ್ತಿರುವ ದಾಖಲೆಗಳಿಗೂ, ತಾವೇ ನಡೆಯುತ್ತಿರುವ ಕಾರ್ಯಗಳಿಗೂ ೧೯೯೫ರ ನಿಯಮದಂತೆ ವಿಳಾಸವೇ ಆಗಬೇಕು. ಒಲೆಯ ಮುಂದೆ ನಿಂತಿರುವ ಭಟ್ಟರ ನಕಲು ತೆಗೆಯಲಾದೀತೆ? ಇವೆರಡರ ನಡುವೆ ಇರುವ ಸಾಧಾರಣ ದಾಖಲೆ ಮತ್ತು ಪಟ್ಟಿಗಳ ವಿಷಯದಲ್ಲಿ ಕಂಪೈಲರ್ ತನ್ನ ವಿವೇಕವನ್ನು ಉಪಯೋಗಿಸುವುದು. ಚಿಕ್ಕದಾಗಿ ಯಂತ್ರದ ಅಂಗೈಯಲ್ಲಿ ಹಿಡಿಸುವುದಾದರೆ ನಕಲು ಲಾಭ. ಸಾವಿರ ಸಾಲುಗಳ ಪಟ್ಟಿಯಾದರೆ ವಿಳಾಸವೇ ಲಾಭ. ಜಾಗ ಉಳಿಸುವುದಕ್ಕಾಗಿ ಒತ್ತಿ ತುಂಬಿದ ದಾಖಲೆಯ ಮಧ್ಯದ ತುಣುಕಿಗೆ ಕೆಲವೊಮ್ಮೆ ಪ್ರತ್ಯೇಕ ವಿಳಾಸವೇ ಇರದು. ಆಗ ನಕಲಲ್ಲದೆ ಗತಿಯಿಲ್ಲ. ಕರೆಯುವುದು ಒಂದು ಯಂತ್ರದಲ್ಲಿ, ಕೆಲಸ ನಡೆಯುವುದು ಇನ್ನೊಂದರಲ್ಲಿ ಎಂದಾದರೂ ಹಾಗೆಯೇ.

ಇದರಿಂದ ಬರುವ ತೊಡಕನ್ನು ಮುಚ್ಚಿಡಬಾರದು. ಹೋಟೆಲಿನ ದಾಸ್ತಾನು ಪುಸ್ತಕವೊಂದನ್ನೇ ಗುಮಾಸ್ತನಿಗೆ ಎರಡು ಹೆಸರಿನಿಂದ ಕೊಟ್ಟೆವೆನ್ನಿ. ಒಂದು ಓದುವುದಕ್ಕೆ, ಇನ್ನೊಂದು ತಿದ್ದುವುದಕ್ಕೆ. ಓದುವುದು ನಕಲಾಗಿದ್ದರೆ ಬೆಳಗಿನ ಲೆಕ್ಕವೇ ಕೊನೆಯವರೆಗೂ ಕಾಣುವುದು. ಎರಡೂ ಅಸಲಾಗಿದ್ದರೆ ಅವನು ಬರೆದ ಪ್ರತಿಯೊಂದು ತಿದ್ದುಪಾಟೂ ಓದುವ ಪುಟದಲ್ಲಿಯೂ ಬದಲಾಗುವುದು. ಕೂಡಿದ್ದನ್ನೇ ಮತ್ತೆ ಕೂಡುವನು. ಗುಮಾಸ್ತನು ಅರ್ಧದಲ್ಲಿ ಮೂರ್ಛೆಹೋದರೆ, ನಕಲಾಗಿದ್ದಲ್ಲಿ ಅಸಲಿಗೆ ಧಕ್ಕೆಯಿಲ್ಲ. ಅಸಲೇ ಆಗಿದ್ದಲ್ಲಿ ಅರ್ಧ ತಿದ್ದಿದ ಪುಸ್ತಕ ಉಳಿಯುವುದು. ಒಂದು ಕಂಪೈಲರ್ ನಕಲನ್ನೂ ಇನ್ನೊಂದು ಅಸಲನ್ನೂ ಆರಿಸಿದರೆ ಅದೇ ಪ್ರೋಗ್ರಾಂ ಎರಡು ಉತ್ತರಗಳನ್ನು ಕೊಟ್ಟೀತು. ೧೯೮೩ರ ನಿಯಮಗ್ರಂಥವು ಇಂಥ ಪ್ರೋಗ್ರಾಮನ್ನೇ ದೋಷಯುಕ್ತವೆಂದು ಸಾರಿತು. ಅಂದರೆ ಜವಾಬ್ದಾರಿಯನ್ನು ಬರೆಯುವವನ ತಲೆಗೆ ಕಟ್ಟಿತು. ದ್ವಿಭಾಷಿಯು ಆರಿಸುವ ಮಾರ್ಗಕ್ಕೆ ಬರೆದವನು ಹೊಣೆಯಾಗುವುದು ನ್ಯಾಯವೇ ಎಂದು ಕೇಳುವವರಿಗೆ ನಮ್ಮಲ್ಲಿ ಸಹಾನುಭೂತಿಯಿದೆ.

ಬೆಂಗಳೂರಿನವರಿಗೆ ಇದು ಪುಸ್ತಕದ ಚರ್ಚೆಯಾಗಿರಲಿಲ್ಲ. ತೇಜಸ್ ವಿಮಾನವು ಸ್ವಭಾವತಃ ಅಸ್ಥಿರವಾಗಿರುವಂತೆಯೇ ರೂಪಿಸಲ್ಪಟ್ಟುದು. ಕ್ಷಣಕ್ಷಣವೂ ಗಣಕವು ರೆಕ್ಕೆಯ ಅಂಗಗಳನ್ನು ತಿದ್ದುತ್ತಿರದಿದ್ದರೆ ಚಾಲಕನೊಬ್ಬನೇ ಅದನ್ನು ಹಿಡಿದಿಡಲಾರನು. ಅದಕ್ಕಾಗಿ ನಾಲ್ಕು ಸಮಾನ ಗಣಕಮಾರ್ಗಗಳನ್ನು ಇರಿಸಿ, ಆಡಾ ಭಾಷೆಯ ಅಪಾಯರಹಿತವೆನಿಸಿದ ಭಾಗವನ್ನು ಮಾತ್ರ ಆರಿಸಿಕೊಂಡು ವಿಧಿಗಳನ್ನು ಬರೆದರು. ವಿಮಾನದ ಹೊಣೆ ಹೊತ್ತು ೧೯೮೪ರಲ್ಲಿ ಸ್ಥಾಪಿತವಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿದರೂ ಆಡಾ ಎಂದೇ ಆಗುವುದು ಒಂದು ತಮಾಷೆ. ೨೦೦೧ರ ಜನವರಿ ೪ರಂದು ವಿಮಾನವು ಬೆಂಗಳೂರಿನಿಂದ ಮೊದಲ ಬಾರಿ ಮೇಲೇರಿ ಕ್ಷೇಮವಾಗಿ ಇಳಿಯಿತು. ಹೆಸರೊಂದೇ ರಕ್ಷೆಯೆಂದು ಇದರಿಂದ ತಿಳಿಯಬಾರದು; ೧೯೯೬ರ ಜೂನ್ ೪ರಂದು ಯೂರೋಪಿನ ಏರಿಯಾನ್ ಐದು ಎಂಬ ರಾಕೆಟ್ಟು ಮೇಲೆದ್ದು ಒಂದು ನಿಮಿಷ ತುಂಬುವ ಮೊದಲೇ ಸಿಡಿದುಹೋದುದು, ಇದೇ ಭಾಷೆಯಲ್ಲಿ ಬರೆದ ವಿಧಿಯೊಂದು ದೊಡ್ಡ ಸಂಖ್ಯೆಯನ್ನು ಚಿಕ್ಕ ಮನೆಯಲ್ಲಿ ತುರುಕಲು ಹೋದುದರಿಂದ.

ಭಾಷೆಯ ನಿಯಮಗ್ರಂಥವನ್ನು ಅನೇಕ ಸಲ ಪರಿಷ್ಕರಿಸಿದ್ದಾರೆ. ೨೦೧೨ರ ಪರಿಷ್ಕಾರದಲ್ಲಿ, ಅದುವರೆಗೆ ಒಳಕ್ಕೆ ಹೋಗುವುದನ್ನಷ್ಟೇ ಸ್ವೀಕರಿಸುತ್ತಿದ್ದ ಫಂಕ್ಷನ್‌ಗಳೆಂಬ ಉಪವಿಧಿಗಳಿಗೂ ಹೊರಬರುವ, ಬದಲಾಗುವ ಪ್ಯಾರಾಮೀಟರುಗಳನ್ನು ಪಡೆಯುವ ಅನುಮತಿ ದೊರೆಯಿತು. ಅದರೊಡನೆ, ಒಂದೇ ವಸ್ತು ಎರಡು ಹೆಸರಿನಿಂದ ಒಳನುಗ್ಗುವ ಕೆಲವು ಸಂದರ್ಭಗಳನ್ನು ಕಂಪೈಲರ್ ಮೊದಲೇ ಹಿಡಿದು ತಡೆಯಬೇಕೆಂಬ ನಿಯಮವೂ ಬಂದಿತು. ೨೦೨೩ರಲ್ಲಿ ಅಚ್ಚಾದ ನಿಯಮಗ್ರಂಥದಲ್ಲಿಯೂ ಸಾಧಾರಣ ದಾಖಲೆ ಮತ್ತು ಪಟ್ಟಿಗಳಿಗೆ ನಕಲು ಕೊಡಬೇಕೇ ವಿಳಾಸ ಕೊಡಬೇಕೇ ಎಂಬುದನ್ನು ಕಂಪೈಲರಿಗೇ ಬಿಟ್ಟಿದ್ದಾರೆ.